ಅಂಚಿನವರೆಗೂ ಸ್ಪಷ್ಟ

"ಮುಟ್ಟಿ ನೋಡಿ ಮೇಷ್ಟ್ರೇ, ಕಚ್ಚಲ್ಲ."

ಎಬೊ ಮುಟ್ಟಲಿಲ್ಲ. ಗಾಜಿನ ಕಪಾಟಿನ ಮೇಲೆ ಹಳದಿ ಬಟ್ಟೆ ಹಾಸಿ ಮೇಡಂ ಬೈಡೂ ಎರಡು ಲೆನ್ಸ್ ಇಟ್ಟಿದ್ದಳು. ಒಂದು ಗಿಡ್ಡ, ಮೂವತ್ತೈದು ಮಿಲಿಮೀಟರಿನದು. ಇನ್ನೊಂದು ದಪ್ಪ, ಎಂಬತ್ತೈದರದು. ಎರಡೂ ಯಾವುದೋ ದೇಶದಲ್ಲಿ ಯಾರದೋ ಕೈಯಲ್ಲಿ ದುಡಿದು, ಕೊನೆಗೆ ಟಾಕೊರಾಡಿಯ ಮಾರ್ಕೆಟ್ ಸರ್ಕಲ್ಲಿಗೆ ಬಂದು ಬಿದ್ದಿದ್ದವು.

"ಹನ್ನೊಂದು ತಿಂಗಳಿಂದ ಪ್ರತಿ ಶನಿವಾರ ಬರ್ತೀರಿ. ನೋಡ್ತೀರಿ, ಬರ್ಕೊತೀರಿ, ಹೋಗ್ತೀರಿ. ಹೆಣ್ಣು ಕೇಳೋಕೆ ಬರೋರೂ ಇಷ್ಟು ಸಲ ಬಾಗಿಲು ತಟ್ಟಲ್ಲ."

"ಎಂಬತ್ತೈದರಲ್ಲಿ ಚಿತ್ರದ ಅಂಚು ಸ್ವಲ್ಪ ಮಸುಕು ಅಂತ ಓದಿದೆ."

"ಅಂಚಲ್ಲಿ ಯಾರಿರ್ತಾರೆ?"

"ಯಾರೂ ಇರಲ್ಲ," ಎಂದ ಎಬೊ. "ಆದರೂ."

ಅವನು ಪಕ್ಕದೂರು ಸೆಕೊಂಡಿಯ ಒಂದು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಹದಿನಾಲ್ಕು ವರ್ಷಗಳಿಂದ ಪೀನ ಮಸೂರದ ಚಿತ್ರ ಹಲಗೆಯ ಮೇಲೆ ಬರೆದು, ಕಿರಣಗಳು ಇಲ್ಲಿಂದ ಬಂದು ಇಲ್ಲಿ ಕೂಡುತ್ತವೆ ಎಂದು ಸೀಮೆಸುಣ್ಣದಲ್ಲಿ ತೋರಿಸಿದ್ದಾನೆ. ಕೂಡದ ಕಿರಣಗಳ ವಿಷಯ ಪಠ್ಯದಲ್ಲಿರಲಿಲ್ಲ.

ಕ್ಯಾಮೆರಾ ಕೊಂಡದ್ದು ಹೆಂಡತಿ ಡೊರ್ಕಾಸ್ ದೂರದ ತಮಾಲೆಯಲ್ಲಿರುವ ಅಣ್ಣನ ಮನೆಗೆ ಹೊರಟುಹೋದ ತಿಂಗಳಲ್ಲೇ. ಅವಳು ಹೋದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಯಾರೂ ಕೇಳದಿದ್ದರೂ ಅವನು ಸಹೋದ್ಯೋಗಿಗಳಿಗೆ ಹೇಳಿದ್ದ. ಆಮೇಲೆ ಕಲಿಕೆ ಶುರುವಾಯಿತು. ಫೋನಿನ ಪರದೆಯಲ್ಲಿ ಮೂವರು ಗುರುಗಳು. ಮೊದಲ ಲೆನ್ಸು ಮೂವತ್ತೈದೇ ಆಗಿರಬೇಕು ಎಂದು ಗಡ್ಡದವನು ಹೇಳಿದ. ಎಂಬತ್ತೈದಿಲ್ಲದೆ ಮುಖದ ಚಿತ್ರ ತೆಗೆಯುವುದು ಅಪರಾಧ ಎಂದಳು ಟೋಪಿಯವಳು. ಲೆನ್ಸು ಬಿಡಿ, ಮೊದಲು ಒಳ್ಳೆಯ ಚಪ್ಪಲಿ ಕೊಂಡು ಬೀದಿಗಿಳಿಯಿರಿ ಎಂದ ಮೂರನೆಯವನನ್ನು ಎಬೊ ಎರಡನೆಯ ಪಾಠಕ್ಕೇ ಬಿಟ್ಟ. ಊರಲ್ಲೇ ತಿಂಗಳಿಗೊಮ್ಮೆ ಹತ್ತು ಜನ ಕೂಡಿ ಕ್ಯಾಮೆರಾ ಹಿಡಿದು ಸುತ್ತುವ ಒಂದು ಗುಂಪಿತ್ತು. ಹೆಸರು ಕೊಟ್ಟ. ಹೋಗಲಿಲ್ಲ. ಈಜು ಬಂದ ಮೇಲೆ ನೀರಿಗಿಳಿಯುವ ಜಾತಿ ಅವನದು.

ಚಿತ್ರಗಳನ್ನೇನೋ ತೆಗೆದಿದ್ದ, ಸಾವಿರದ ನಾನೂರು. ಬಹುಪಾಲು ಶಾಲೆಯ ಹಿಂದಿನ ಇಟ್ಟಿಗೆ ಗೋಡೆಯವು. ಲೆನ್ಸಿನ ಅಂಚು ಪರೀಕ್ಷಿಸಲು ಇಟ್ಟಿಗೆ ಗೋಡೆಗಿಂತ ಒಳ್ಳೆಯದಿಲ್ಲವಂತೆ. ಗೋಡೆ ಅಲುಗುವುದಿಲ್ಲ, ಚೆನ್ನಾಗಿ ಬಂತಾ ಎಂದು ಕೇಳುವುದಿಲ್ಲ. ಮನುಷ್ಯರ ಚಿತ್ರ ಒಂದೂ ಇರಲಿಲ್ಲ.

ಮೇಡಂ ಬೈಡೂ ಲೆನ್ಸುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು. ಸ್ಟುಡಿಯೋ ನಡೆಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಅದೇ ಅಂಗಡಿಯಲ್ಲಿ ಹಳೆ ಮಾಲು ಮಾರುತ್ತಿರುವವಳು. ಗಿರಾಕಿಗಳ ನಾಡಿ ಅವಳಿಗೆ ಗೊತ್ತು.

"ಎರಡೂ ತಗೊಂಡ್ಹೋಗಿ. ಇವತ್ತೊಂದಿನ ಫೋಟೋ ಹೊಡೀರಿ. ಐದಕ್ಕೆ ಬಾಗಿಲು ಹಾಕ್ತೀನಿ, ಅಷ್ಟರೊಳಗೆ ಒಂದು ವಾಪಸ್ ತರ್ಬೇಕು. ಎರಡೂ ತಂದ್ರೋ, ಇನ್ನು ಈ ಕಡೆ ತಲೆ ಹಾಕ್ಬೇಡಿ."

"ಯಾವುದು ಒಳ್ಳೇದು ಅಂತ ನೀವೇ..."

"ಗಿಡ್ಡದ್ದು ಹತ್ರ ಹೋಗೋರಿಗೆ, ದಪ್ಪದ್ದು ದೂರ ನಿಲ್ಲೋರಿಗೆ. ನೀವು ಯಾರು ಅಂತ ನಾನ್ಹೇಗೆ ಹೇಳ್ಲಿ?" ಕೈ ಚಾಚಿದಳು. "ಗುರುತಿನ ಚೀಟಿ ಇಟ್ಟು ಹೋಗಿ."

ಕೊಟ್ಟ. ಅವಳು ಚೀಟಿಯ ಮೇಲಿನ ಫೋಟೋ ನೋಡಿದಳು, ಅವನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. "ಆಗ್ಲಿ," ಎಂದು ಮೇಜಿನ ಖಾನೆಗೆ ಹಾಕಿದಳು.

ಹೊರಗೆ ಬಂದಾಗ ಹತ್ತೂವರೆ. ಸೆಕೊಂಡಿಯಲ್ಲಿ ಅವನ ಸೋದರಮಾವನನ್ನು ಮಣ್ಣು ಮಾಡಿ ಆಗಲೇ ಅರ್ಧ ಗಂಟೆಯಾಗಿರಬೇಕು. ಎಂಟಕ್ಕೆ ಅಂಗಡಿ, ಹತ್ತಕ್ಕೆ ಮಣ್ಣು, ಎರಡೂ ಹೊಂದುತ್ತವೆ ಎಂದು ಲೆಕ್ಕ ಹಾಕಿದ್ದ. ಹೊಂದಲಿಲ್ಲ. ಬೇಸರವಾಯಿತೇ ಎಂದು ತನ್ನನ್ನೇ ಕೇಳಿಕೊಂಡ. ಶೇರ್ ಟ್ಯಾಕ್ಸಿ ಬಂತು, ಹತ್ತಿದ.

ದಾರಿಯುದ್ದಕ್ಕೂ ಗೋಡೆಗಳ ಮೇಲೆ, ಕಂಬಗಳ ಮೇಲೆ ಮಾವ ಇದ್ದ. ಸತ್ತವರ ಪೋಸ್ಟರು ಊರ ತುಂಬ ಅಂಟಿಸುವುದು ಮರ್ಯಾದೆ. ಅದಿಲ್ಲದೆ ಸತ್ತರೆ ಸತ್ತಂತೆಯೇ ಅಲ್ಲ. ಆದರೆ ಕ್ವಾಮೆನಾ ಮಾವ ಬದುಕಿದ್ದಾಗ ಒಂದು ನೆಟ್ಟಗಿನ ಫೋಟೋ ತೆಗೆಸಿಕೊಂಡಿರಲಿಲ್ಲ. ಮತದಾರರ ಚೀಟಿಯ ಮೇಲಿನ ಬೆರಳುದ್ದದ ಮುಖವನ್ನೇ ಹಿಗ್ಗಿಸಿ, ಕೆಳಗೆ ಯಾರದೋ ಕೋಟು ಅಂಟಿಸಿದ್ದರು. ಕೋಟಿನ ಭುಜ ಒಂದು ಕಡೆ, ಕತ್ತು ಒಂದು ಕಡೆ. ಎಪ್ಪತ್ತೊಂದರ ಮನುಷ್ಯ ಸಿಕ್ಕಿಬಿದ್ದ ಕಳ್ಳನ ಹಾಗೆ ಕಣ್ಣು ಬಿಟ್ಟಿದ್ದ. ಮೇಲೆ ದೊಡ್ಡ ಅಕ್ಷರದಲ್ಲಿ 'ಕರೆ ಬಂತು, ಹೊರಟರು'.

ಮೂರು ವಾರದ ಹಿಂದೆ ಆ ಪೋಸ್ಟರಿನ ಕೆಳಗೆ ನಿಂತು ದೊಡ್ಡಮ್ಮ ಅರಾಬಾ ಅತ್ತಿದ್ದಳು. ತಮ್ಮ ಸತ್ತದ್ದಕ್ಕಲ್ಲ, ತಮ್ಮ ಹಾಗೆ ಕಾಣುತ್ತಿರುವುದಕ್ಕೆ.

"ಎಬೊ, ನಾನು ಹೀಗೆ ಗೋಡೆ ಮೇಲೆ ನಿಲ್ಲಲ್ಲ ಕಣೋ. ನಿನ್ನ ಹತ್ರ ಕ್ಯಾಮೆರಾ ಇದ್ಯಲ್ಲ. ನಂದೊಂದು ತೆಗಿ. ಇದೊಂದು ಆದ್ರೆ ಸಾಕು, ಆಮೇಲೆ ಯಾವಾಗ ಕರೆದ್ರೂ ಹೋಗ್ತೀನಿ."

ಅರಾಬಾ ಅವನ ತಾಯಿಯ ಅಕ್ಕ. ಎರಡು ವರ್ಷದ ಮಗು ಬಿಟ್ಟು ತಾಯಿ ಹೋದಾಗ ಎತ್ತಿಕೊಂಡವಳು, ಹೊಗೆಯಾಡಿಸಿದ ಮೀನು ಮಾರಿ ಓದಿಸಿದವಳು. ಇಬ್ಬರೂ ಮಂಗಳವಾರ ಹುಟ್ಟಿದವರು ಎಂಬುದನ್ನು ದೊಡ್ಡ ಒಪ್ಪಂದವೆಂಬಂತೆ ಹೇಳಿಕೊಳ್ಳುತ್ತಿದ್ದಳು. ಈಗ ಎಪ್ಪತ್ತೆಂಟು. ಒಂದು ಕಣ್ಣಿಗೆ ಪೊರೆ.

"ಲೆನ್ಸ್ ಬರಲಿ ದೊಡ್ಡಮ್ಮ," ಎಂದಿದ್ದ ಅವನು. "ಈಗಿರೋದು ಕ್ಯಾಮೆರಾ ಜೊತೆ ಸುಮ್ನೆ ಕೊಟ್ಟಿದ್ದು. ಅದ್ರಲ್ಲಿ ಚೆನ್ನಾಗಿ ಬರಲ್ಲ."

"ನನ್ನ ಮುಖಕ್ಕೆ ಅಷ್ಟು ಸಾಲ್ದಾ?"

ಅವನು ಟಿಪ್ಪಣಿ ಪುಸ್ತಕ ತೆಗೆದು 'ಮುಖಕ್ಕೆ ಎಂಬತ್ತೈದು?' ಎಂದು ಬರೆದುಕೊಂಡ.

ಕುಟುಂಬದ ಮನೆಯ ಮುಂದೆ ರಸ್ತೆಯನ್ನೇ ಅಡ್ಡಗಟ್ಟಿ ಶಾಮಿಯಾನ ಹಾಕಿದ್ದರು. ಒಂದು ಬದಿಗೆ ಧ್ವನಿವರ್ಧಕಗಳ ಗೋಪುರ. ಮನೆಯವರು ಸಾಲಾಗಿ ಕುರ್ಚಿಗಳಲ್ಲಿ ಕೂತಿದ್ದರು. ಎಲ್ಲರ ಮೈಮೇಲೆ ಒಂದೇ ಬಟ್ಟೆ, ಕಪ್ಪಿನ ಮೇಲೆ ಬಿಳಿ ಹಕ್ಕಿಗಳು. ಇಡೀ ವಂಶಕ್ಕೆ ಒಂದೇ ಥಾನಿನಿಂದ ಹರಿದು ಹಂಚಿದ್ದು. ಎಬೊನ ಪಾಲೂ ಬಂದಿತ್ತು. ದರ್ಜಿಗೆ ಕೊಡುವುದು ಉಳಿದುಹೋಗಿ, ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಬಿದ್ದಿತ್ತು. ಅವನು ಶಾಲೆಯ ಕಪ್ಪು ಅಂಗಿ ಹಾಕಿಕೊಂಡು ಬಂದಿದ್ದ. ಕಪ್ಪು ಕಪ್ಪೇ ಅಲ್ಲವೇ.

ಅಲ್ಲವೆಂದು ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಫೋಟೋಗ್ರಾಫರ್! ಕ್ಯಾಮೆರಾದವ್ರು ಆ ಕಡೆಯಿಂದ ಬನ್ನಿ. ಮುಂದೆ ನಿಂತು ಅಡ್ಡ ಬರ್ಬೇಡಿ," ಎಂದ ಮೈಕಿನವನು. ಎಬೊ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

ದೊಡ್ಡಮ್ಮನ ಮಗಳು ಎಕುವಾ ಮಾತ್ರ ಗುರುತಿಸಿದಳು. "ಈಗ ಬಂದ್ಯಾ? ಮಣ್ಣಿಗೆ ಬರ್ಲಿಲ್ವಲ್ಲ."

"ಸ್ವಲ್ಪ ಕೆಲಸ ಇತ್ತು."

"ಶನಿವಾರ ಶಾಲೆ ಇದ್ಯಾ?"

"ಹಾಗೇನಿಲ್ಲ."

"ಹೋಗು, ಕೂತ್ಕೋ. ಅಮ್ಮನ ಪಕ್ಕದ ಕುರ್ಚಿ ನಿಂದೇ. ಬೆಳಿಗ್ಗೆಯಿಂದ ಯಾರನ್ನೂ ಕೂರೋಕೆ ಬಿಟ್ಟಿಲ್ಲ." ಅವಳ ಎರಡೂ ಕೈಯಲ್ಲಿ ನೀರಿನ ಪೊಟ್ಟಣಗಳ ಮೂಟೆಯಿತ್ತು. ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಬಂದವರು ಸಾಲಿನ ಬಲತುದಿಯಿಂದ ಶುರು ಮಾಡಿ ಒಬ್ಬೊಬ್ಬರದಾಗಿ ಕೈ ಕುಲುಕುತ್ತ ಹೋಗಬೇಕು. ಮನೆಯವರು ಕೂತೇ ಇರಬೇಕು. ಕೂತು ಬಲಗೈ ಕೊಡುವುದಷ್ಟೇ ಕೆಲಸ. ಅದೂ ಅವನಿಂದ ಆಗಲಿಲ್ಲ. ಬಲಗೈಯಲ್ಲಿ ಕ್ಯಾಮೆರಾ ಇತ್ತು. ಹಿಂದಿನಿಂದ ಬಂದು ಚೀಲವನ್ನು ತನ್ನ ಕುರ್ಚಿಯ ಮೇಲಿಟ್ಟು, ಎಂಬತ್ತೈದನ್ನು ತಿರುಗಿಸಿ ಕೂಡಿಸಿಕೊಂಡು, ರಸ್ತೆಯ ಆಚೆ ಬದಿಗೆ ಹೋಗಿ ನಿಂತ. ದೂರ ಹೋದಷ್ಟೂ ಹಿನ್ನೆಲೆ ಚೆನ್ನಾಗಿ ಕರಗುತ್ತದೆ ಎಂದು ಟೋಪಿಯವಳು ಹೇಳಿದ್ದು ನೆನಪಿತ್ತು.

ಮಸೂರದೊಳಗಿಂದ ನೋಡಿದ. ಬಂದವರ ಕೈಗಳು ಸಾಲಿನುದ್ದಕ್ಕೂ ಹರಿದು ಬಂದು, ಅವನ ಕುರ್ಚಿಯ ಮುಂದೆ ಒಂದು ಗಳಿಗೆ ಗಾಳಿಯಲ್ಲಿ ನಿಂತು, ಮುಂದಿನವರ ಕಡೆ ಹೋಗುತ್ತಿದ್ದವು. ಒಬ್ಬ ಮುದುಕ ಚೀಲಕ್ಕೇ ಕೈ ಚಾಚಿದ. ಎಬೊಗೆ ನಗು ಬಂತು. ಒಳ್ಳೆಯ ಚಿತ್ರವಾಗುತ್ತಿತ್ತು, ಆದರೆ ಅವನು ದೊಡ್ಡಮ್ಮನ ಎಡಗಣ್ಣಿನ ಮೇಲೆ ಫೋಕಸ್ ಹುಡುಕುತ್ತಿದ್ದ.

ದೊಡ್ಡಮ್ಮ ಕೂತಿದ್ದಳು. ನೆಟ್ಟಗೆ, ಕೈ ಮಡಿಲಲ್ಲಿಟ್ಟು. ಫೋಟೋ ಇವತ್ತು ತೆಗೆಯುತ್ತೇನೆಂದು ನಿನ್ನೆ ಫೋನಿನಲ್ಲಿ ಹೇಳಿದ್ದನಲ್ಲ, ಅದಕ್ಕೇ ಮಣಿಸರ ಹಾಕಿದ್ದಳು, ಹಣೆಗೆ ಪೌಡರು ಬಳಿದಿದ್ದಳು. ಅವನು ಕೈ ಎತ್ತಿ ಸನ್ನೆ ಮಾಡಿದ. ಅವಳಿಗೆ ಕಾಣಲಿಲ್ಲ.

"ಎಲ್ಲಿದ್ದಾನೆ ಅವನು? ಬಂದ ಅಂದ್ಯಲ್ಲ," ಎಂದು ಪಕ್ಕದವರನ್ನು ಕೇಳುವುದು ತುಟಿಯಲ್ಲಿ ಗೊತ್ತಾಗುತ್ತಿತ್ತು.

ಇಪ್ಪತ್ತಾರು ಚಿತ್ರ ತೆಗೆದ. ಪರದೆಯಲ್ಲಿ ಹಿಗ್ಗಿಸಿ ನೋಡಿದ. ಹಿನ್ನೆಲೆ ಬೆಣ್ಣೆಯಂತೆ ಕರಗಿತ್ತು, ರೆಪ್ಪೆಯ ಕೂದಲು ಎಣಿಸಬಹುದಿತ್ತು. ಇಪ್ಪತ್ತಾರರಲ್ಲೂ ಒಬ್ಬ ಮುದುಕಿ ಯಾರನ್ನೋ ಹುಡುಕುತ್ತಿದ್ದಳು.

ಗಂಟೆ ಒಂದಾಯಿತು. ಸಮವಸ್ತ್ರದ ಹಕ್ಕಿಬಟ್ಟೆ ಉಟ್ಟಿದ್ದ ಯಾರೋ ಹೆಂಗಸು ಅವನ ಕೈಗೆ ಊಟದ ಪೊಟ್ಟಣ ಕೊಟ್ಟಳು. ವಾವೆಯಲ್ಲಿ ತಂಗಿಯಾಗಬೇಕು, ಹೆಸರು ನೆನಪಾಗಲಿಲ್ಲ. ಅವಳಿಗೂ ಆಗಲಿಲ್ಲವೆಂದು ಕಾಣುತ್ತದೆ. "ಡ್ರೈವರುಗಳು, ಫೋಟೋದವರು ಹಿಂದುಗಡೆ ಕೂತ್ಕೊಳ್ಳಿ," ಎಂದಳು.

ಅವನು ಹಿಂದುಗಡೆ ಹೋಗಿ ಕೂತ. ಸುಲಭವಿತ್ತು.

ಅಲ್ಲಿ ಆರ್ಹಿನ್ ಇದ್ದ. ಐವತ್ತರ ಆಸುಪಾಸಿನ, ದೊಡ್ಡ ಹೊಟ್ಟೆಯ, ಸಾವಿನ ಮನೆಯಿಂದ ಸಾವಿನ ಮನೆಗೆ ಓಡಾಡುವ ಫೋಟೋಗ್ರಾಫರ್. ಪಕ್ಕದಲ್ಲಿ ಒಂದು ಬ್ಯಾಟರಿ, ಒಂದು ಪುಟ್ಟ ಪ್ರಿಂಟರ್, ಒಂದು ಕತ್ತರಿ. ಯಾರನ್ನೂ ಕೇಳದೆ ತೆಗೆಯುವುದು, ಅರ್ಧ ಗಂಟೆಯಲ್ಲಿ ಅಚ್ಚು ಹಾಕಿ ಟಾರ್ಪಾಲಿನ ಮೇಲೆ ಹರಡುವುದು. ತಮ್ಮ ಮುಖ ಕಂಡವರು ಕೊಳ್ಳುತ್ತಾರೆ. ಪಕ್ಕದಲ್ಲಿ ಬೇಡದವರು ಬಂದಿದ್ದರೆ ಕತ್ತರಿಸಿ ಕೊಡುತ್ತಾನೆ. ಟಾರ್ಪಾಲಿನ ಮೂಲೆಯಲ್ಲಿ ಅಂಥ ಚೂರುಗಳದೊಂದು ಗುಡ್ಡೆಯಿತ್ತು. ಅರ್ಧ ಭುಜ, ಒಂದು ಮೊಣಕೈ, ಯಾರದೋ ಕಿವಿ.

"ಎಂಬತ್ತೈದಾ?" ಎಂದ ಆರ್ಹಿನ್, ಮೀನಿನ ಮುಳ್ಳು ತೆಗೆಯುತ್ತ. "ಜೋರಾಗಿದೆ. ಅಷ್ಟು ದೂರ ನಿಂತ್ರೆ ಜನ ಮಾತಿಗೆ ಸಿಗ್ತಾರಾ?"

"ಮಾತಿಗಲ್ಲ."

"ಮತ್ತೆ?"

ಎಬೊ ಕೆಂಕಿಯ ಜೋಳದ ಮುದ್ದೆಗೆ ಸುತ್ತಿದ್ದ ಎಲೆ ಬಿಡಿಸುವುದರಲ್ಲಿ ಮಗ್ನನಾದ. ಆರ್ಹಿನ್‌ನ ಕ್ಯಾಮೆರಾವನ್ನು ಓರೆಗಣ್ಣಿನಿಂದ ನೋಡಿದ. ಜೊತೆಯಲ್ಲಿ ಸುಮ್ಮನೆ ಕೊಡುವ ಲೆನ್ಸು. ಒಡೆದ ಬಾಯಿಗೆ ಕಪ್ಪು ಟೇಪು ಸುತ್ತಿತ್ತು. ಪಾಪ ಎನಿಸಿತು. ಆ ಪಾಪದಲ್ಲಿ ಸ್ವಲ್ಪ ಸಂತೋಷವೂ ಇತ್ತು.

ಊಟವಾದ ಮೇಲೆ ಮೂವತ್ತೈದನ್ನು ಕೂಡಿಸಿದ. ಇದಕ್ಕೆ ಹತ್ತಿರ ಹೋಗಲೇಬೇಕು. ದೊಡ್ಡಮ್ಮನ ಮುಂದೆ ಮಂಡಿಯೂರಿ ಕೂತ. ಮೊಳದಷ್ಟು ದೂರ. ಪೌಡರಿನ ವಾಸನೆ, ಅದರ ಕೆಳಗೆ ಎಂದೂ ಹೋಗದ ಹೊಗೆಮೀನಿನ ವಾಸನೆ. ತಕ್ಷಣ ಕ್ಯಾಮೆರಾ ಕಣ್ಣಿಗೆ ಹಿಡಿದ.

"ಬಂದ್ಯಾ ಎಬೊ. ಕೈ ಕೊಡು."

"ಒಂದು ನಿಮಿಷ ದೊಡ್ಡಮ್ಮ. ಬೆಳಕು ಚೆನ್ನಾಗಿದೆ."

"ಡೊರ್ಕಾಸ್ ಬರ್ಲಿಲ್ವಾ?"

"ಬರ್ತಾಳೆ."

"ಯಾವಾಗ?"

"ಸ್ವಲ್ಪ ಆ ಕಡೆ ತಿರುಗು. ಗದ್ದ ಕೆಳಗೆ."

ತಿರುಗಿದಳು. ಒತ್ತಿದ. ಮೂಗಿನ ತುದಿ ಸ್ಪಷ್ಟ, ಕಣ್ಣು ಮಸುಕು. ಮತ್ತೆ ಒತ್ತಿದ. ಕಣ್ಣು ಸ್ಪಷ್ಟ, ಆದರೆ ಮುಚ್ಚಿತ್ತು. ಲೆನ್ಸಿನ ರಂಧ್ರ ಕಿರಿದು ಮಾಡಿದರೆ ಹಿನ್ನೆಲೆ ಕರಗುವುದಿಲ್ಲ. ಹಿಂದೆ ಯಾರದೋ ಕಾಲು, ಯಾರದೋ ಬಾಟಲಿ, ಎಲ್ಲ ಬಂದು ಕೂರುತ್ತದೆ. ಹತ್ತು ಚಿತ್ರ, ಇಪ್ಪತ್ತು, ನಲವತ್ತು.

"ಎಬೊ, ಅದನ್ನ ಇಳಿಸು ಒಂದ್ಸಲ. ನಿನ್ನ ಮುಖ ನೋಡ್ಬೇಕು. ನನಗೆ ಒಂದೇ ಕಣ್ಣು, ಅದಕ್ಕೂ ಹತ್ರ ಬರ್ಬೇಕು ನೀನು."

"ಆಯ್ತು, ಇನ್ನೊಂದೇ."

"ನನ್ನ ಮೇಲೆ ಕೋಪನಾ?"

"ಮಾತಾಡ್ಬೇಡ ದೊಡ್ಡಮ್ಮ, ತುಟಿ ಅಲ್ಲಾಡತ್ತೆ."

ಅವಳು ತುಟಿ ಬಿಗಿದಳು. ಮುಖ ಕಲ್ಲಾಯಿತು. ಹಿಗ್ಗಿಸಿದ ಮತದಾರರ ಚೀಟಿಯ ಮುಖ ಎಂದು ಎಬೊಗೆ ಹೊಳೆಯಿತು. ಹೊಳೆದದ್ದನ್ನು ಬದಿಗಿಟ್ಟು ಫೋಕಸ್ ತಿರುಗಿಸಿದ.

"ಏನಜ್ಜಿ, ಮಣಿಸರ ಗಿಣಿಸರ!" ಬದಿಯಿಂದ ದನಿ ಕೇಳಿಸಿತು. ಆರ್ಹಿನ್. "ಸಾವಿನ ಮನೇಲಿ ಗಂಡು ಹುಡುಕ್ತಾ ಇದ್ದೀರಾ? ನಂದೂ ಒಂದು ಅರ್ಜಿ ಇದೆ ನೋಡಿ."

"ಥೂ, ನಿನ್ನ ಹೊಟ್ಟೆ ನೋಡ್ಕೊಳೋ! ನಿನ್ನ ಸಾಕೋದಕ್ಕೆ ನಾನಿನ್ನೊಂದು ದೋಣಿ ಮೀನು ಸುಡ್ಬೇಕು," ಎಂದು ದೊಡ್ಡಮ್ಮ ಗಹಗಹಿಸಿ ನಕ್ಕಳು. ಸಾಲೆಲ್ಲ ನಕ್ಕಿತು. ಎಬೊ ಕಣ್ಣಿನಿಂದ ಕ್ಯಾಮೆರಾ ಇಳಿಸದೆಯೇ ಆರ್ಹಿನ್ ಕಡೆ ತಿರುಗಿದ. ಕ್ಲಿಕ್ ಎಂದಿತು, ಅವನದಲ್ಲ.

ಒಂದೇ ಒಂದು. ಆರ್ಹಿನ್ ಪರದೆ ಕೂಡ ನೋಡಿಕೊಳ್ಳದೆ ಮುಂದಿನ ಕುರ್ಚಿಗೆ ಹೋದ. ನೆತ್ತಿಯ ಮೇಲಿನ ಬಿಸಿಲು, ಬದಿಯ ಕೋನ, ಹಿನ್ನೆಲೆಯಲ್ಲಿ ಬಾಟಲಿ. ಮಾಡಬಾರದೆಂದು ಗಡ್ಡದವನು ಹೇಳಿದ್ದನ್ನೆಲ್ಲ ಒಂದೇ ಏಟಿಗೆ ಮಾಡಿದ್ದ.

ಎಬೊ ಮನೆಯ ಹಿಂದಿನ ನೆರಳಿಗೆ ಹೋಗಿ ಗೋಡೆಗೊರಗಿ ಕೂತು ತನ್ನ ಚಿತ್ರಗಳನ್ನು ನೋಡತೊಡಗಿದ. ಒಂದೊಂದನ್ನೂ ಹಿಗ್ಗಿಸಿ, ಅಂಚಿನಿಂದ ಅಂಚಿಗೆ. ಅರವತ್ತಾರು ಚಿತ್ರ. ಎಂಬತ್ತೈದಕ್ಕೆ ಎಷ್ಟು, ಮೂವತ್ತೈದಕ್ಕೆ ಎಷ್ಟು ಎಂದು ಪುಸ್ತಕದಲ್ಲಿ ಅಂಕ ಹಾಕಿದ. ಅಂಕ ಸಮವಾಯಿತು. ಮತ್ತೊಮ್ಮೆ ಹಾಕಿದ. ಅವುಗಳಲ್ಲಿ ಯಾವುದನ್ನು ಗೋಡೆಯ ಮೇಲೆ ಹಾಕಬಹುದೆಂದು ನೋಡಬೇಕಿತ್ತೆಂಬುದು ನೆನಪಾದಾಗ ನಾಲ್ಕು ಗಂಟೆ ದಾಟಿತ್ತು. ಯಾವುದನ್ನೂ ಹಾಕುವಂತಿರಲಿಲ್ಲ. ಸಾಲಿನ ಕಡೆಯಿಂದ ಗದ್ದಲ ಕೇಳಿಸಿತು.

ಹೆಂಗಸರು ದೊಡ್ಡಮ್ಮನ ಕುರ್ಚಿ ಸುತ್ತ ಗುಂಪಾಗಿದ್ದರು. ಅವಳು ಅಂಗೈಯಗಲದ ಫೋಟೋವನ್ನು ಒಳ್ಳೆಯ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು. ಎಬೊ ಬಂದು ಕುರ್ಚಿಯ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಿಂತ. ಅಲ್ಲಿಂದಲೂ ಕಾಣುತ್ತಿತ್ತು. ತಲೆ ಹಿಂದೆ ಬಾಗಿಸಿ ನಗುತ್ತಿರುವ ಹೆಂಗಸು. ಹಲ್ಲಿಲ್ಲದ ಬಾಯಿ, ಹಣೆಯ ಮೇಲೆ ಪೌಡರು, ಎದೆಯ ಮೇಲೆ ಹಾರುತ್ತಿರುವ ಬಿಳಿ ಹಕ್ಕಿಗಳು. ಸಾವಿಗೂ ಅವಳಿಗೂ ಲೇವಾದೇವಿಯೇ ಇಲ್ಲವೆಂಬ ಹಾಗೆ ಕೂತಿದ್ದಳು.

ಚೆನ್ನಾಗಿತ್ತು. ಅವನಿಗೆ ಹೊಟ್ಟೆ ಉರಿಯಿತು. ಅದರ ಹಿಂದೆಯೇ ಅಳು ಬಂದಂತಾಯಿತು.

"ಇದೇ!" ಎಂದಳು ದೊಡ್ಡಮ್ಮ. "ಇದನ್ನೇ ಹಾಕಿ ನಂಗೆ. ಎಲ್ರೂ ಕೇಳಿಸ್ಕೊಳ್ಳಿ, ಬೇರೇದು ಹಾಕಿದ್ರೆ ಎದ್ದು ಬರ್ತೀನಿ." ಮತ್ತೆ ಕಣ್ಣಿಗೆ ಹಿಡಿದಳು. "ಪಕ್ಕದಲ್ಲಿ ಇದೇನು ಕಪ್ಪಗೆ? ಯಾರಿದು?"

ಆರ್ಹಿನ್ ಬಗ್ಗಿ ನೋಡಿದ. "ಯಾರೋ ಇನ್ನೊಬ್ಬ ಫೋಟೋಗ್ರಾಫರ್, ಅಮ್ಮ. ಅಡ್ಡ ಬಂದಿದ್ದಾನೆ. ಕತ್ತರಿಸಿ ಕೊಡ್ತೀನಿ."

"ಕತ್ತರಿಸು, ಕತ್ತರಿಸು. ಪೋಸ್ಟರಲ್ಲಿ ಬೇರೆಯವರು ಯಾಕೆ? ನಾಳೆ ಅವನೂ ಸತ್ತ ಅಂದ್ಕೊಂಡಾರು." ಸುತ್ತಲಿದ್ದವರು ನಕ್ಕರು. "ಆದ್ರೆ ನಮ್ಮ ಎಬೊಗೆ ಹೇಳ್ಬೇಡಿ. ಪಾಪ, ಬೆಳಿಗ್ಗೆಯಿಂದ ಒದ್ದಾಡಿದ್ದಾನೆ ಮಗು. ಅವನು ತೆಗೆದಿದ್ದನ್ನೂ ಇಟ್ಕೊತೀನಿ, ಪೆಟ್ಟಿಗೇಲಿ."

ಎಬೊನ ಬಾಯಿಗೆ 'ಅದು ನಾನು' ಎಂಬ ಮಾತು ಬಂತು. ಎರಡೇ ಶಬ್ದ. ಅದನ್ನು ಬಿಟ್ಟು ತಗ್ಗಿದ ದನಿಯಲ್ಲಿ ಆರ್ಹಿನ್‌ನನ್ನು ಕೇಳಿದ:

"ಯಾವ ಲೆನ್ಸು?"

"ಕ್ಯಾಮೆರಾ ಜೊತೆ ಬಂದಿದ್ದು. ಬೇರೆ ಇರತ್ತೆ ಅಂತ ಕೇಳಿದ್ದೀನಿ." ಆರ್ಹಿನ್ ಫೋಟೋ ತೆಗೆದುಕೊಂಡು ಟಾರ್ಪಾಲಿನ ಹತ್ತಿರ ನಡೆದ. ಎಬೊ ಹಿಂದೆ ಹೋದ. ಕತ್ತರಿ ಮೇಲಿಂದ ಕೆಳಗೆ ನೆಟ್ಟಗೆ ಹೋಯಿತು. ಅಭ್ಯಾಸದ ಕೈ, ಅವಳ ಭುಜದ ಒಂದು ಎಳೆಯೂ ಹಾಳಾಗಲಿಲ್ಲ. ಎರಡು ಬೆರಳಗಲದ ಪಟ್ಟಿ ಗುಡ್ಡೆಯ ಮೇಲೆ ಬಿತ್ತು. ಮುಂದಿನ ಗಿರಾಕಿಗೆ ಕತ್ತರಿಸಿದ ಇನ್ನೊಂದು ಅದರ ಮೇಲೆ ಬಿತ್ತು. ಇನ್ನೊಂದು.

ನಾಲ್ಕೂ ಮುಕ್ಕಾಲು. ಈಗ ಹೊರಟರೂ ಟಾಕೊರಾಡಿ ಮುಟ್ಟುವಷ್ಟರಲ್ಲಿ ಮೇಡಂ ಬೈಡೂ ಬಾಗಿಲು ಹಾಕಿರುತ್ತಾಳೆ. ಚೀಲ ಇನ್ನೂ ಕುರ್ಚಿಯ ಮೇಲೆ ಕೂತಿತ್ತು.

"ಕುಟುಂಬದವರೆಲ್ಲ ಎದ್ದು ಬನ್ನಿ," ಎಂದಿತು ಮೈಕು. "ಎಲ್ಲರೂ ಸೇರಿ ಒಂದು ಫೋಟೋ. ಹಕ್ಕಿಬಟ್ಟೆ ಉಟ್ಟೋರು ಮಾತ್ರ. ಫೋಟೋಗ್ರಾಫರ್ ತಯಾರಾ?"

"ನಿಲ್ಲಿ, ಎಬೊ ಬರ್ಲಿ," ಎಂದ ದೊಡ್ಡಮ್ಮನ ದನಿ ಎಲ್ಲಕ್ಕಿಂತ ಮೇಲೆ ಕೇಳಿಸಿತು. "ಎಬೊ ಎಲ್ಲಿ? ಯಾರಾದ್ರೂ ನೋಡಿದ್ರಾ ಅವನ್ನ?"

ಅವನು ಟಾರ್ಪಾಲಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಗುಡ್ಡೆ ಕೆದಕುತ್ತಿದ್ದ. ಎಲ್ಲ ಪಟ್ಟಿಗಳೂ ಕಪ್ಪು. ಮೊಣಕೈ, ಬೆನ್ನು, ಕಿವಿ, ಮತ್ತೊಂದು ಬೆನ್ನು. ಕೊನೆಗೆ ತನ್ನದು ಸಿಕ್ಕಿತು. ಬಿಸಿಲಿಗೆ ಹಿಡಿದ. ಕಾಲರಿನ ಬಿಚ್ಚಿದ ಹೊಲಿಗೆ ಕಾಣುತ್ತಿತ್ತು. ಕ್ಯಾಮೆರಾದ ಪಟ್ಟಿಯ ಮೇಲಿನ ಅಕ್ಷರ ಓದಬಹುದಿತ್ತು. ಬೆರಳುಗುರಿನ ಸಂದಿನ ಸೀಮೆಸುಣ್ಣ ಕೂಡ. ಅಂಚಿನವರೆಗೂ ಸ್ಪಷ್ಟ. ಅಂಥ ಲೆನ್ಸಿನಲ್ಲಿ ಇದು ಸಾಧ್ಯವೇ ಇಲ್ಲವೆಂದು ಅವನು ಓದಿದ್ದ.

ಮುಖವಿರಬೇಕಾದಲ್ಲಿ ಒಂದು ಕಪ್ಪು ಗಾಜಿನ ವೃತ್ತವಿತ್ತು. ಅವನು ಅದನ್ನು ಕಣ್ಣಿನ ಹತ್ತಿರ, ಇನ್ನೂ ಹತ್ತಿರ ತಂದ. ಹಿಂದುಗಡೆ ಅವನ ಹೆಸರು ಕೂಗುತ್ತಿದ್ದರು.